ಚರ್ಮದ ಸಣ್ಣ ತುಂಡು ಕತ್ತರಿಸಲು ಎಂಥ ಪ್ರೆಸ್ ಕೊಳ್ಳಬೇಕು?



ಆತ್ಮೀಯ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳ ತಂದೆ ತಾಯಿಯರೇ,

ವಿದ್ಯಾರ್ಥಿವೇತನದ ವರದಿಯಲ್ಲಿ ಚರ್ಮ ಕತ್ತರಿಸುವ ಯಂತ್ರದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಇದು ಶುರುವಾದದ್ದು ಶಾಲೆಯ ಹಾಜರಿ ಪಟ್ಟಿಯಿಂದ. ವರ್ಷದ ನಡುವೆ ನಮ್ಮ ಶಿಕ್ಷಣ ಸಮಿತಿಯವರು ಎಂದಿನಂತೆ ಮಕ್ಕಳ ಹಾಜರಿ ನೋಡುತ್ತಿದ್ದಾಗ, ಒಂಬತ್ತನೇ ತರಗತಿಯ ಹುಡುಗನೊಬ್ಬ ವಾರಕ್ಕೆ ಎರಡು ದಿನ ಶಾಲೆಗೆ ಹೋಗುತ್ತಿಲ್ಲವೆಂದು ತಿಳಿಯಿತು. ಗಣಿತದಲ್ಲಿ ತರಗತಿಗೇ ಮುಂದಿದ್ದವನು. ಮನೆಗೆ ಹೋದೆವು. ತಂದೆ ತಾಯಿ ಇಬ್ಬರೂ ವ್ಯಾಪಾರಿಯೊಬ್ಬರಿಗೆ ತುಂಡಿನ ಲೆಕ್ಕದಲ್ಲಿ ಚರ್ಮದ ಕೀ ಚೈನು, ಕಾರ್ಡ್ ಪರ್ಸು, ಗಂಡಸರ ವ್ಯಾಲೆಟ್ ಹೊಲಿದು ಕೊಡುತ್ತಾರೆ. ತಂದೆಗೆ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಮಂಜಾಗಿದೆ. "ಹೊಲಿಗೆ ನನ್ನ ಕೈಲಿ ಆಗುತ್ತೆ ಭಾಯ್, ಕತ್ತರಿಸೋದೇ ಆಗಲ್ಲ. ಮಾಲು ಕೊಡೋ ಹಿಂದಿನ ದಿನ ಇವನೇ ಕೂತು ಕತ್ತರಿಸ್ತಾನೆ" ಎಂದರು ತಾಯಿ. ಹುಡುಗನ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

ಆ ಕುಟುಂಬದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅವರಿಗಾಗಿ ಯಂತ್ರ ಹುಡುಕುವಾಗ ನಾವು ಕಲಿತದ್ದನ್ನೂ, ಮೊದಲ ಸಲ ತಪ್ಪಿದ್ದನ್ನೂ ಬರೆಯಬೇಕು. ಹಣ ನಿಮ್ಮದು. ಇದೇ ಕಸುಬಿನ ಇನ್ನೂ ಕೆಲವು ಮನೆಗಳಿಂದ ಇದೇ ಬಗೆಯ ಅರ್ಜಿಗಳು ಬಂದಿವೆ.

ಕೈಯಲ್ಲಿ ಕತ್ತರಿಸುವುದಕ್ಕೂ ಡೈ ಒತ್ತುವುದಕ್ಕೂ ಇರುವ ವ್ಯತ್ಯಾಸ

ಕೈ ಕೆಲಸದಲ್ಲಿ ತಗಡಿನ ಅಥವಾ ದಪ್ಪ ರಟ್ಟಿನ ಅಚ್ಚನ್ನು ಚರ್ಮದ ಮೇಲಿಟ್ಟು ಗೆರೆ ಎಳೆದು, ರಂಪಿಗೆಯಿಂದ ಗೆರೆಯ ಮೇಲೆ ಕೊಯ್ಯುತ್ತಾರೆ. ನುರಿತ ಉಸ್ತಾದರ ಕೈಯಲ್ಲಿ ಇದು ಬಲು ಚೆಂದ. ಆದರೆ ಮುನ್ನೂರು ಕೀ ಚೈನಿಗೆ ಆರುನೂರು ತುಂಡು ಬೇಕು. ನೂರು ತುಂಡು ಆಗುವ ಹೊತ್ತಿಗೆ ಕೈ ಸೋಲುತ್ತದೆ, ಅಂಚು ಅರ್ಧ ಮಿಲಿಮೀಟರ್ ಆಚೀಚೆ ಆಗುತ್ತದೆ, ಎರಡು ತುಂಡು ಜೋಡಿಸಿದಾಗ ಹೊಂದುವುದಿಲ್ಲ. ಹೊಂದದ ಮಾಲನ್ನು ವ್ಯಾಪಾರಿ ವಾಪಸು ಕಳಿಸುತ್ತಾನೆ, ಚರ್ಮದ ಬೆಲೆಯನ್ನೂ ಕೂಲಿಯಲ್ಲಿ ಹಿಡಿಯುತ್ತಾನೆ.

ಡೈ ಎಂದರೆ ತುಂಡಿನ ಆಕಾರಕ್ಕೆ ಬಗ್ಗಿಸಿದ ಹರಿತವಾದ ಉಕ್ಕಿನ ಪಟ್ಟಿ. ಮನೆಯಲ್ಲಿ ಬಿಸ್ಕತ್ತಿನ ಹಿಟ್ಟನ್ನು ಅಚ್ಚಿನಿಂದ ಕತ್ತರಿಸುವುದನ್ನು ನೆನಪಿಸಿಕೊಳ್ಳಿ, ಕೆಲಸ ಅದೇ. ಕೆಳಗೆ ನೈಲಾನ್ ಹಲಗೆ, ಅದರ ಮೇಲೆ ಚರ್ಮ, ಚರ್ಮದ ಮೇಲೆ ಡೈ. ಮೇಲಿನಿಂದ ಒಮ್ಮೆ ಒತ್ತಿದರೆ ತುಂಡು ಸಿದ್ಧ. ಸಾವಿರನೆಯ ತುಂಡೂ ಮೊದಲನೆಯದರಂತೆಯೇ ಇರುತ್ತದೆ. ಹೊಲಿಗೆಯ ತೂತಿಗೆ ಡೈ ಒಳಗೇ ಸಣ್ಣ ಮೊಳೆಗಳನ್ನು ಕೂರಿಸಿದರೆ ಆ ಕೆಲಸವೂ ಅದೇ ಒತ್ತಿನಲ್ಲಿ ಮುಗಿಯುತ್ತದೆ. ಹೊಲಿಯುವವರಿಗೆ ಇದರಿಂದ ಎಷ್ಟು ಹೊತ್ತು ಉಳಿಯುತ್ತದೆಂಬುದನ್ನು ಆ ತಾಯಿಯೇ ನಮಗೆ ಹೇಳಿದರು.

ಬರಿ ಕೊಡತಿಯಿಂದ ಹೊಡೆದು ಕತ್ತರಿಸಲು ಆಗದೇ ಎಂದು ಕೇಳಿದವರುಂಟು. ಆಗುತ್ತದೆ. ಎರಡು ಅಂಗುಲದ ಸಣ್ಣ ತುಂಡಿಗೆ, ಗಟ್ಟಿ ಉಕ್ಕಿನ ಡೈ ಇದ್ದರೆ, ಭಾರದ ಕೊಡತಿ ಸಾಕು. ದಿನಕ್ಕೆ ಇಪ್ಪತ್ತು ಮೂವತ್ತು ತುಂಡು ಮಾತ್ರ ಬೇಕಾದವರು ಯಂತ್ರಕ್ಕೆ ಅರ್ಜಿಯನ್ನೇ ಹಾಕಬೇಕಿಲ್ಲ. ಆದರೆ ಓಣಿಯ ಮನೆಯಲ್ಲಿ, ಮಗು ಮಲಗಿರುವಾಗ, ಪಕ್ಕದ ಗೋಡೆ ಅದುರುವಂತೆ ದಿನವಿಡೀ ಬಡಿಯುವುದು ಆಗದ ಮಾತು.

ನಾವು ಮಾಡಿದ ತಪ್ಪು

ಮೊದಲ ಯಂತ್ರವನ್ನು ನಾವು ಅವಸರದಲ್ಲಿ ಕೊಂಡೆವು. ಅಂಗಡಿಯವರು ತೋರಿಸಿದ್ದು ಒಂದು ಟನ್‌ನ ಆರ್ಬರ್ ಪ್ರೆಸ್. ಮೇಜಿನ ಮೇಲೆ ಕೂರುವ ಬೀಡು ಕಬ್ಬಿಣದ ಚಿಕ್ಕ ಯಂತ್ರ, ಪಕ್ಕದ ಹಿಡಿಕೆ ಎಳೆದರೆ ಹಲ್ಲಿನ ಚಕ್ರ ತಿರುಗಿ ಚೌಕದ ಕಂಬ ಕೆಳಗಿಳಿಯುತ್ತದೆ. ಬೆಲೆ ಕಡಿಮೆ, ಕರೆಂಟು ಬೇಡ, ಸದ್ದಿಲ್ಲ. ಅಂಗಡಿಯಲ್ಲೇ ಕೀ ಚೈನಿನ ಡೈ ಇಟ್ಟು ಒತ್ತಿ ನೋಡಿದೆವು, ಕತ್ತರಿಸಿತು. "ಒಂದು ಟನ್ ಸಾಕು ಸಾಬ್" ಎಂದರು. ನಮಗೂ ಒಂದು ಟನ್ ಎಂದರೆ ಬಹಳ ಎನಿಸಿತು.

ಮನೆಗೆ ತಂದು ವ್ಯಾಲೆಟ್ಟಿನ ಹೊರಪದರದ ಡೈ ಇಟ್ಟಾಗ ಚರ್ಮದ ಮೇಲೆ ಬರಿ ಗೆರೆ ಮೂಡಿತು. ಇಬ್ಬರು ಸೇರಿ ಹಿಡಿಕೆಗೆ ಜೋತುಬಿದ್ದರೂ ಒಂದು ಮೂಲೆ ಮಾತ್ರ ಕತ್ತರಿಸಿತು.

ಲೆಕ್ಕ ಆಮೇಲೆ ಮಾಡಿದೆವು, ಮೊದಲೇ ಮಾಡಬೇಕಿತ್ತು. ಡೈಯ ಅಂಚು ಎಷ್ಟು ಉದ್ದವೋ ಅಷ್ಟು ಉದ್ದಕ್ಕೂ ಒತ್ತಡ ಹಂಚಿಹೋಗುತ್ತದೆ. ಇಲ್ಲಿ ತುಂಡಿನ ವಿಸ್ತೀರ್ಣ ಲೆಕ್ಕಕ್ಕೆ ಬರುವುದಿಲ್ಲ, ಸುತ್ತಳತೆ ಮಾತ್ರ ಬರುತ್ತದೆ. ಕೀ ಚೈನಿನ ತುಂಡು 10 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಸುತ್ತಳತೆ 26 ಸೆಂ.ಮೀ. ಒಂದು ಟನ್ ಎಂದರೆ 1000 ಕಿಲೋ. 26ರಿಂದ ಭಾಗಿಸಿದರೆ ಅಂಚಿನ ಪ್ರತಿ ಸೆಂಟಿಮೀಟರಿಗೆ ಸುಮಾರು 38 ಕಿಲೋ ಬೀಳುತ್ತದೆ. ವ್ಯಾಲೆಟ್ಟಿನ ಹೊರಪದರ 20 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಸುತ್ತಳತೆ 58. ಅದೇ 1000 ಕಿಲೋ ಈಗ ಸೆಂಟಿಮೀಟರಿಗೆ 17 ಕಿಲೋ ಮಾತ್ರ. ಮೊದಲನೆಯದು ಹೇಗೋ ಕತ್ತರಿಸಿತು, ಎರಡನೆಯದು ಕತ್ತರಿಸಲಿಲ್ಲ. ಇನ್ನೊಂದು ಮಾತು: ಯಂತ್ರದ ಮೇಲೆ ಬರೆದ ಟನ್ ಅದು ತಾಳುವ ಮಿತಿ. ಸಾಮಾನ್ಯ ಮೈಕಟ್ಟಿನ ಹೆಂಗಸು ಹಿಡಿಕೆ ಎಳೆದಾಗ ಅಷ್ಟೂ ಬಲ ಬರುತ್ತದೆಂದು ತಿಳಿಯಬಾರದು.

ಚರ್ಮದ ದಪ್ಪ, ಹದ ಎರಡೂ ಈ ಲೆಕ್ಕವನ್ನು ಬದಲಿಸುತ್ತವೆ. ಒಂದು ಮಿಲಿಮೀಟರಿಗಿಂತ ತೆಳುವಾದ ಮೇಕೆ ಚರ್ಮ ಸುಲಭವಾಗಿ ಕತ್ತರಿಸುತ್ತದೆ. ಎರಡು ಮಿಲಿಮೀಟರ್ ದಪ್ಪದ ಎಮ್ಮೆ ಚರ್ಮ ಹಟ ಮಾಡುತ್ತದೆ. ತಂಗಡಿ ತೊಗಟೆ, ಅಳಲೆಕಾಯಿ ಮುಂತಾದವುಗಳಿಂದ ಹದ ಮಾಡಿದ ಚರ್ಮ ಬಿಗಿಯಾಗಿರುತ್ತದೆ, ಕ್ರೋಮ್ ಹದದ್ದು ಮೆತ್ತಗಿದ್ದು ಎಳೆದರೆ ಹಿಗ್ಗುತ್ತದೆ. ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯಿಂದ ಬರುವ ಮಾಲಿನಲ್ಲಿ ಎರಡೂ ಬಗೆ ಸಿಗುತ್ತವೆ. ಆದ್ದರಿಂದ ಈಗ ನಾವು ಅನುಸರಿಸುವ ಕ್ರಮ ಹೀಗಿದೆ: ಅರ್ಜಿದಾರರು ಕತ್ತರಿಸುವ ಅತಿ ದೊಡ್ಡ ತುಂಡಿನ ಸುತ್ತಳತೆ, ಅತಿ ದಪ್ಪ ಚರ್ಮ ಇವೆರಡನ್ನು ಹಿಡಿದು ಪರೀಕ್ಷೆ ಮಾಡುತ್ತೇವೆ. ಅಲ್ಲಿ ಬೇಕಾದ ಬಲದ ಎರಡು ಪಟ್ಟು ಬಲವಿರುವ ಯಂತ್ರವನ್ನೇ ಆರಿಸುತ್ತೇವೆ. ಡೈ ಮೊಂಡಾಗುತ್ತಾ ಹೋದಂತೆ ಹೆಚ್ಚು ಒತ್ತಡ ಬೇಕಾಗುತ್ತದೆ, ಯಂತ್ರ ಆಗಲೂ ಕೆಲಸ ಕೊಡಬೇಕು.

ಸಿಗುವ ಯಂತ್ರಗಳು

ಆರ್ಬರ್ ಪ್ರೆಸ್‌ನ ವಿಷಯ ಹೇಳಿದ್ದಾಯಿತು. ಸಣ್ಣ ತುಂಡು, ತೆಳು ಚರ್ಮದ ಕೆಲಸಕ್ಕೆ, ಟಿಚ್ ಬಟನ್ ಕೂರಿಸಲು, ಮುದ್ರೆ ಒತ್ತಲು ಅದು ಒಳ್ಳೆಯದೇ.

ಕಾಗದದ ಅಲಂಕಾರ ಕೆಲಸಕ್ಕೆಂದು ಬರುವ ಕೈ ರೋಲರ್ ಯಂತ್ರಗಳೂ ಇವೆ. ಡೈ ಮತ್ತು ಚರ್ಮವನ್ನು ಎರಡು ಹಲಗೆಗಳ ನಡುವೆ ಇಟ್ಟು ರೋಲರಿನಡಿ ತಿರುಗಿಸುತ್ತಾರೆ. ಒಂದು ಕ್ಷಣದಲ್ಲಿ ರೋಲರಿನ ಕೆಳಗಿರುವಷ್ಟೇ ಅಂಚು ಕತ್ತರಿಸುವುದರಿಂದ ಬಲ ಕಡಿಮೆ ಸಾಕು. ಮಕ್ಕಳ ಆಟಿಕೆಯಂತೆ ಕಂಡರೂ ಮೇಕೆ ಚರ್ಮದ ಹೂವು, ಕಿವಿಯೋಲೆ ಮಾಡುವವರಿಗೆ ಸಾಕು. ದಪ್ಪ ಚರ್ಮದ ದಿನಗೂಲಿ ಕೆಲಸಕ್ಕೆ ಬಾಳಿಕೆ ಬರುವುದಿಲ್ಲ.

ಫ್ಲೈ ಪ್ರೆಸ್ ಹಳೆಯ ಕಾರ್ಖಾನೆಗಳನ್ನು ಕಂಡವರಿಗೆಲ್ಲ ಪರಿಚಿತ. ದಪ್ಪ ತಿರುಪಿನ ಮೇಲೆ ಅಡ್ಡ ತೋಳು, ತೋಳಿನ ತುದಿಯಲ್ಲಿ ಕಬ್ಬಿಣದ ಗುಂಡು. ತೋಳನ್ನು ಬೀಸಿದರೆ ಗುಂಡಿನ ವೇಗವೆಲ್ಲ ತಿರುಪಿನ ಮೂಲಕ ಡೈಗೆ ಇಳಿಯುತ್ತದೆ. ಕೆಲಸ ಬಲು ಬೇಗ. ಗುಜರಿಯಲ್ಲಿ ಹಳೆಯದು ಸಿಗುತ್ತದೆ, ಚೆನ್ನಾಗಿದ್ದರೆ ಒಂದು ತಲೆಮಾರು ಬಾಳುತ್ತದೆ. ಹಳೆಯದನ್ನು ಕೊಳ್ಳುವಾಗ ತಿರುಪನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಸಡಿಲವಿದ್ದರೆ ಒಳಗಿನ ಮರೆ ಸವೆದಿದೆ ಎಂದರ್ಥ, ಡೈ ಸಮವಾಗಿ ಇಳಿಯದು. ಎಷ್ಟು ಆಳಕ್ಕೆ ಇಳಿಯಬೇಕೆಂದು ತಡೆ ಹಾಕುವ ವ್ಯವಸ್ಥೆ ಇರಲೇಬೇಕು. ಇಲ್ಲದಿದ್ದರೆ ಡೈ ನೈಲಾನ್ ಹಲಗೆಯೊಳಗೆ ಹುಗಿದು ಬೇಗ ಹಾಳಾಗುತ್ತದೆ. ಇಷ್ಟೆಲ್ಲ ಗುಣವಿದ್ದರೂ ನಾವು ಮನೆಗಳಿಗೆ ಇದನ್ನು ಕೊಡುವುದಿಲ್ಲ. ಬೀಸುವ ತೋಳು ಕೂತವರ, ಓಡಾಡುವ ಮಕ್ಕಳ ತಲೆಯ ಎತ್ತರಕ್ಕೇ ಬರುತ್ತದೆ. ಹತ್ತು ಅಡಿ ಕೋಣೆಯಲ್ಲಿ ಅಡುಗೆ, ನಿದ್ದೆ, ಓದು, ಹೊಲಿಗೆ ಎಲ್ಲ ನಡೆಯುವ ಮನೆಯಲ್ಲಿ ಆ ತೋಳಿಗೆ ಜಾಗವಿಲ್ಲ. ಪ್ರತ್ಯೇಕ ಮಳಿಗೆ ಇರುವವರ ಮಾತು ಬೇರೆ.

ಕಾರ್ಖಾನೆಗಳಲ್ಲಿ ಬಳಸುವುದು ಕ್ಲಿಕ್ಕರ್ ಯಂತ್ರ. ಮೇಲಿನ ತೋಳನ್ನು ಪಕ್ಕಕ್ಕೆ ಸರಿಸಿ ಡೈ ಇಟ್ಟು, ಮತ್ತೆ ತಂದು ಗುಂಡಿ ಒತ್ತಿದರೆ ಕ್ಷಣದಲ್ಲಿ ಕತ್ತರಿಸುತ್ತದೆ. ಒಳ್ಳೆಯ ತಯಾರಕರು ಎರಡು ಗುಂಡಿ ಇಟ್ಟಿರುತ್ತಾರೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಯಂತ್ರ ಇಳಿಯುತ್ತದೆ, ಕೈ ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಆದರೆ ಹೊಸದಕ್ಕೆ ಲಕ್ಷದ ಮೇಲೆ ಬೀಳುತ್ತದೆ, ತೂಕ ಅರ್ಧ ಟನ್ನಿಗೂ ಹೆಚ್ಚು, ಹೆಚ್ಚಿನವಕ್ಕೆ ಮೂರು ಫೇಸ್ ಕರೆಂಟು ಬೇಕು. ಬಾಡಿಗೆ ಮನೆಯ ಮಹಡಿಗೆ ಅದು ಹೋಗದು.

ಕೊನೆಗೆ ನಾವು ಆರಿಸಿದ್ದು ಹತ್ತು ಟನ್‌ನ ಕೈ ಹೈಡ್ರಾಲಿಕ್ ಪ್ರೆಸ್. ಲಾರಿಯ ಗಾಲಿ ಬದಲಿಸುವಾಗ ಬಳಸುವ ಬಾಟಲ್ ಜಾಕನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿದರೆ ಅದೇ ಈ ಪ್ರೆಸ್. ಗ್ಯಾರೇಜುಗಳಲ್ಲಿ ಬೇರಿಂಗ್ ಕಳಚಲು, ಕೂರಿಸಲು ಇದನ್ನೇ ಇಟ್ಟುಕೊಂಡಿರುತ್ತಾರೆ. ಹಿಡಿಕೆಯನ್ನು ಏಳೆಂಟು ಬಾರಿ ಒತ್ತಿದರೆ ಕತ್ತರಿಸುತ್ತದೆ, ಆಮೇಲೆ ತಿರುಪು ಸಡಿಲಿಸಿದರೆ ಸ್ಪ್ರಿಂಗಿನಿಂದ ಹಿಂದಕ್ಕೆ ಸರಿಯುತ್ತದೆ. ವ್ಯಾಲೆಟ್ಟಿನ 58 ಸೆಂ.ಮೀ. ಅಂಚಿಗೆ ಹತ್ತು ಟನ್ ಹಂಚಿದರೆ ಸೆಂಟಿಮೀಟರಿಗೆ 172 ಕಿಲೋ, ಬೇಕಾದ್ದಕ್ಕಿಂತ ಹೆಚ್ಚು. ಕೈಗೆ ಶ್ರಮವಿಲ್ಲ, ಸದ್ದಿಲ್ಲ, ಕರೆಂಟು ಬೇಡ.

ಇದರ ದೋಷ ನಿಧಾನ. ಒಂದು ತುಂಡಿಗೆ ಅರ್ಧ ನಿಮಿಷ ಹಿಡಿಯುತ್ತದೆ. ಇದಕ್ಕೆ ಉಪಾಯ ಹೇಳಿಕೊಟ್ಟವರು ಒಬ್ಬ ಹಿರಿಯ ಉಸ್ತಾದರು. ಬಲ ಹೆಚ್ಚಿದ್ದರೆ ಒಂದೇ ಹಲಗೆಯಲ್ಲಿ ನಾಲ್ಕು ಕೀ ಚೈನಿನ ಆಕಾರ ಇರುವ ಡೈ ಮಾಡಿಸಿ ಎಂದರು. ನಾಲ್ಕರ ಅಂಚು ಸೇರಿ 104 ಸೆಂ.ಮೀ., ಹತ್ತು ಟನ್ ಹಂಚಿದರೂ ಸೆಂಟಿಮೀಟರಿಗೆ 96 ಕಿಲೋ ಉಳಿಯುತ್ತದೆ. ಒಂದು ಒತ್ತಿಗೆ ನಾಲ್ಕು ತುಂಡು. ಆದರೆ ಜೋಡಿ ಡೈಯಲ್ಲಿ ಚರ್ಮದ ಗಾಯದ ಗುರುತು, ತೂತು ತಪ್ಪಿಸಿ ಇಡುವುದು ಕಷ್ಟ, ಸ್ವಲ್ಪ ಮಾಲು ಹಾಳಾಗುತ್ತದೆ. ವ್ಯಾಪಾರಿ ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ ಕೊಟ್ಟು ತುಂಡಿನ ಲೆಕ್ಕ ಕೇಳುವವನಾದರೆ ಒಂಟಿ ಡೈಯೇ ಲೇಸು.

ಹೈಡ್ರಾಲಿಕ್ ಪ್ರೆಸ್‌ಗೆ ಡೈ ಮೇಲಿಡುವ ಉಕ್ಕಿನ ತಟ್ಟೆ ತೆಳುವಾಗಿರಬಾರದು. ಜಾಕಿನ ತಲೆ ಸಣ್ಣದು, ತಟ್ಟೆ ತೆಳುವಿದ್ದರೆ ನಡುವೆ ಬಾಗಿ ಡೈಯ ತುದಿಗಳು ಕತ್ತರಿಸದೆ ಉಳಿಯುತ್ತವೆ. ನಾವು ಇಪ್ಪತ್ತು ಮಿಲಿಮೀಟರ್ ತಟ್ಟೆ ಹಾಕಿಸಿದ್ದೇವೆ. ಡೈ ಯಾವಾಗಲೂ ಜಾಕಿನ ನಟ್ಟನಡುವೆ ಇರಬೇಕು, ಪಕ್ಕಕ್ಕೆ ಸರಿದರೆ ತಟ್ಟೆ ವಾಲುತ್ತದೆ. ಚೌಕಟ್ಟಿನ ವೆಲ್ಡಿಂಗನ್ನು ಕೊಳ್ಳುವ ಮುನ್ನ ಬಲ್ಲವರಿಂದ ನೋಡಿಸಬೇಕು. ಬಣ್ಣ ಬಳಿದ ಮೇಲೆ ಎಲ್ಲ ವೆಲ್ಡಿಂಗೂ ಒಂದೇ ರೀತಿ ಕಾಣುತ್ತದೆ.

ಡೈಯ ಖರ್ಚು

ಅರ್ಜಿಗಳಲ್ಲಿ ಹೆಚ್ಚಾಗಿ ಮರೆತುಹೋಗುವುದು ಇದೇ. ಯಂತ್ರ ಒಂದು, ಡೈ ಮಾತ್ರ ಒಂದೊಂದು ಆಕಾರಕ್ಕೆ ಒಂದೊಂದು ಬೇಕು. ಒಂದು ವ್ಯಾಲೆಟ್ಟಿಗೇ ಐದಾರು ಆಕಾರದ ತುಂಡುಗಳಿರುತ್ತವೆ, ಎಲ್ಲಕ್ಕೂ ಡೈ ಮಾಡಿಸಿದರೆ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು.

ಅಗ್ಗದ ಬಗೆಯೆಂದರೆ ಪ್ಲೈವುಡ್ ಹಲಗೆಯಲ್ಲಿ ಸೀಳು ಮಾಡಿ ತೆಳು ಉಕ್ಕಿನ ಪಟ್ಟಿ ಕೂರಿಸಿದ್ದು. ಮಿಠಾಯಿ ಡಬ್ಬಿ, ಔಷಧಿ ಡಬ್ಬಿಯ ರಟ್ಟು ಕತ್ತರಿಸುವ ಡೈ ಮಾಡುವವರೇ ಇದನ್ನೂ ಮಾಡಿಕೊಡುತ್ತಾರೆ. ಚರ್ಮಕ್ಕೆಂದು ಮೊದಲೇ ಹೇಳಬೇಕು, ಪಟ್ಟಿ ಸ್ವಲ್ಪ ದಪ್ಪದ್ದಾಗಿರಬೇಕು. ಇದು ಮೊಂಡಾದರೆ ಸಾಣೆ ಹಿಡಿಯಲಾಗದು, ಪಟ್ಟಿ ಬದಲಿಸಬೇಕು. ಕೊಡತಿಯಿಂದ ಹೊಡೆಯಲೂ ಬಾರದು. ಇನ್ನೊಂದು ಬಗೆ ದಪ್ಪ ಉಕ್ಕಿನ ಪಟ್ಟಿಯನ್ನು ಬಗ್ಗಿಸಿ ಬೆಸುಗೆ ಹಾಕಿದ್ದು. ಬೆಲೆ ಹೆಚ್ಚು, ಆದರೆ ಸಾಣೆ ಹಿಡಿಸಿ ವರ್ಷಗಟ್ಟಲೆ ಬಳಸಬಹುದು. ಸದಾ ಓಡುವ ಒಂದೆರಡು ಆಕಾರಕ್ಕೆ ದಪ್ಪ ಡೈ, ಉಳಿದವಕ್ಕೆ ಪ್ಲೈವುಡ್ ಡೈ, ಅಪರೂಪದ ತುಂಡಿಗೆ ಹಳೆಯ ರಂಪಿಗೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಯಾವುದೇ ಡೈಯನ್ನು ಕಬ್ಬಿಣದ ಮೇಲೆ ಒತ್ತಬಾರದು, ಒಂದೇ ಒತ್ತಿಗೆ ಅಂಚು ಹೋಗುತ್ತದೆ. ನೈಲಾನ್ ಹಲಗೆಯನ್ನೂ ಆಗಾಗ ತಿರುಗಿಸಿ, ಮಗುಚಿ ಹಾಕುತ್ತಿರಬೇಕು. ಒಂದೇ ಕಡೆ ಕತ್ತರಿಸಿದರೆ ಅಲ್ಲಿ ಗುಳಿ ಬೀಳುತ್ತದೆ.

ಯಾವ ನಿಧಿಯಿಂದ ಕೊಟ್ಟೆವು

ದಾನಿಗಳಿಗೆ ಈ ಭಾಗ ಮುಖ್ಯ. ಮೊದಲ ಆರ್ಬರ್ ಪ್ರೆಸ್ ಕೊಂಡದ್ದು ಜಕಾತ್ ನಿಧಿಯಿಂದ. ಜಕಾತ್ ಹಣದಿಂದ ಕೊಂಡ ವಸ್ತುವಿನ ಪೂರ್ಣ ಒಡೆತನ ಅರ್ಹ ವ್ಯಕ್ತಿಗೆ ಸೇರಬೇಕೆಂದು ನಾವು ಕೇಳಿದ ಉಲಮಾಗಳು ಸ್ಪಷ್ಟವಾಗಿ ಹೇಳಿದ್ದರು. ಆದ್ದರಿಂದ ಯಂತ್ರ ಆ ಕುಟುಂಬದ ಸ್ವತ್ತಾಗಿತ್ತು. ನಮ್ಮ ಆಯ್ಕೆ ತಪ್ಪೆಂದು ಗೊತ್ತಾದ ಮೇಲೂ ಅದನ್ನು ವಾಪಸು ಪಡೆದು ಬದಲಿಸುವ ಹಕ್ಕು ನಮಗಿರಲಿಲ್ಲ, ಕೇಳಲೂ ಇಲ್ಲ. ಅವರು ಅದನ್ನು ಇಟ್ಟುಕೊಂಡು ಈಗ ಟಿಚ್ ಬಟನ್ ಕೂರಿಸಲು ಬಳಸುತ್ತಿದ್ದಾರೆ.

ಹತ್ತು ಟನ್ ಪ್ರೆಸ್ ಹಲವು ಮನೆಗಳವರು ಸೇರಿ ಬಳಸುವಂಥದ್ದು, ಒಡೆತನ ಟ್ರಸ್ಟಿನದೇ. ಹಾಗಾಗಿ ಅದಕ್ಕೆ ಜಕಾತ್ ಹಣ ಮುಟ್ಟಲಿಲ್ಲ. ಬಕ್ರೀದ್ ಸಮಯದ ಕುರ್ಬಾನಿ ಚರ್ಮದ ಹಣವೂ ಬಡವರ ಕೈಗೇ ಸೇರಬೇಕಾದ್ದರಿಂದ ಅದನ್ನೂ ಬಳಸಲಿಲ್ಲ. ಚರ್ಮದ ಬೆಲೆ ಕುಸಿದು ಆ ಬಾಬಿನ ಆದಾಯವೇ ಈಗ ತೀರ ಕಡಿಮೆ ಎಂಬುದು ನಿಮಗೆ ಗೊತ್ತೇ ಇದೆ. ಪ್ರೆಸ್, ತಟ್ಟೆ, ಹಲಗೆ, ಮೊದಲ ಡೈಗಳ ಖರ್ಚು ಸಾಮಾನ್ಯ ಸದಕಾ ನಿಧಿಯಿಂದ ಹೋಗಿದೆ. ತಪ್ಪು ಆಯ್ಕೆಯ ಹೊಣೆ ನಮ್ಮದಾದ್ದರಿಂದ ಆ ಮೊತ್ತವನ್ನು ಟ್ರಸ್ಟಿಗಳು ತಮ್ಮ ಕೈಯಿಂದ ಸದಕಾ ನಿಧಿಗೆ ತುಂಬಿದ್ದಾರೆ.

ಸ್ವಂತ ಪ್ರೆಸ್ ಬೇಕೆನ್ನುವ, ಆದರೆ ಜಕಾತ್ ಪಡೆಯುವ ಸ್ಥಿತಿಯಲ್ಲಿಲ್ಲದ ಮನೆಗಳಿಗೆ ಕರ್ಜೆ ಹಸನ ಕೊಡುತ್ತೇವೆ, ಬಡ್ಡಿ ಇಲ್ಲ. ಚಪ್ಪಲಿ, ಬೂಟಿನ ಕೆಲಸ ಮಾಡುವವರು ಕೇಂದ್ರ ಸರ್ಕಾರದ ಪಿ.ಎಂ. ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಬೇಕು. 2023ರಲ್ಲಿ ಶುರುವಾದ ಈ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಕೆಲಸವೂ ಒಂದು. ಉಪಕರಣಕ್ಕೆ ₹15,000ದವರೆಗೆ ನೆರವಿದೆ, ಅದು ಸಾಲವಲ್ಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಅದರ ಸಾಲದ ಭಾಗಕ್ಕೆ ಬಡ್ಡಿ ಇರುವುದರಿಂದ ಅದನ್ನು ಪಡೆಯದೆ ಉಪಕರಣದ ನೆರವನ್ನಷ್ಟೇ ಕೇಳಲು ಬಯಸುವವರಿಗೆ ಅರ್ಜಿ ತುಂಬಲು ನಮ್ಮ ಕಚೇರಿಯಲ್ಲಿ ಸಹಾಯ ಸಿಗುತ್ತದೆ.

ಮಕ್ಕಳ ವಿಷಯ

ಹಂಚಿಕೆಯ ಪ್ರೆಸ್ ನಮ್ಮ ಹೊಲಿಗೆ ತರಬೇತಿ ಕೋಣೆಯಲ್ಲಿದೆ. ಬೆಳಗಿನ ಹೊತ್ತು ಹೆಂಗಸರಿಗೆ, ಅಸರ್ ನಮಾಜಿನ ನಂತರ ಗಂಡಸರಿಗೆ. ಹದಿನೆಂಟು ವರ್ಷ ತುಂಬದವರು ಹಿಡಿಕೆ ಮುಟ್ಟುವಂತಿಲ್ಲ. ಪ್ರೆಸ್ ನಿಧಾನವೆಂದು ಅದನ್ನು ನಿರಪಾಯಕಾರಿ ಎಂದುಕೊಳ್ಳಬಾರದು, ಹತ್ತು ಟನ್ ಬೆರಳನ್ನೂ ಚರ್ಮದಂತೆಯೇ ಕತ್ತರಿಸುತ್ತದೆ. ಒಬ್ಬರು ಡೈ ಇಡುವುದು, ಇನ್ನೊಬ್ಬರು ಹಿಡಿಕೆ ಒತ್ತುವುದು ನಮ್ಮಲ್ಲಿ ನಿಷಿದ್ಧ. ಅನಾಹುತ ಆಗುವುದೇ ಹಾಗೆ. ಇಡುವ ಕೈಯೇ ಒತ್ತಬೇಕು.

ಬಾಲ ಮತ್ತು ಕಿಶೋರ ಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗದಲ್ಲೂ, 14ರಿಂದ 18ರವರನ್ನು ಅಪಾಯದ ಕೆಲಸಗಳಲ್ಲೂ ತೊಡಗಿಸುವುದನ್ನು ನಿಷೇಧಿಸುತ್ತದೆ. ಶಾಲೆ ಮುಗಿದ ಮೇಲೆ ಮನೆಯ ಕಸುಬಿಗೆ ನೆರವಾಗಲು ಮಕ್ಕಳಿಗೆ ವಿನಾಯಿತಿ ಇದೆ, ಅಪಾಯದ ಕೆಲಸಕ್ಕೆ ಅದು ಅನ್ವಯಿಸದು. ನಮ್ಮ ಷರತ್ತು ಇನ್ನೂ ಸರಳ: ನಮ್ಮಿಂದ ಯಂತ್ರದ ನೆರವು ಪಡೆದ ಮನೆಯ ಮಕ್ಕಳ ಹಾಜರಿಯನ್ನು ಪ್ರತಿ ತಿಂಗಳೂ ಶಾಲೆಯಿಂದ ತರಿಸುತ್ತೇವೆ. ಹಾಜರಿ ಇಳಿದರೆ ವಿದ್ಯಾರ್ಥಿವೇತನ ನಿಲ್ಲಿಸುವುದಿಲ್ಲ, ಮನೆಗೆ ಬಂದು ಕೇಳುತ್ತೇವೆ. ಆ ಹುಡುಗ ಈಗ ಹತ್ತನೇ ತರಗತಿಯಲ್ಲಿದ್ದಾನೆ. ಅವನ ತಾಯಿ ವಾರಕ್ಕೆ ಎರಡು ಬೆಳಗ್ಗೆ ಬಂದು ವಾರದ ತುಂಡುಗಳನ್ನೆಲ್ಲ ಕತ್ತರಿಸಿಕೊಂಡು ಹೋಗುತ್ತಾರೆ.

ಮುಂದಿನ ವರ್ಷದ ಯಂತ್ರ ನೆರವಿನ ಅರ್ಜಿಯನ್ನು ವಿದ್ಯಾರ್ಥಿವೇತನದ ಅರ್ಜಿಯ ಜೊತೆಯಲ್ಲೇ ಕೊಡಬಹುದು, ನಮೂನೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ಅದರ ಜೊತೆ ನೀವು ಕತ್ತರಿಸುವ ಅತಿ ದೊಡ್ಡ ತುಂಡಿನ ರಟ್ಟಿನ ಅಚ್ಚು, ನೀವು ಬಳಸುವ ಅತಿ ದಪ್ಪ ಚರ್ಮದ ಅಂಗೈಯಗಲದ ಚೂರು, ವಾರಕ್ಕೆ ಎಷ್ಟು ತುಂಡು ಬೇಕೆಂಬ ಲೆಕ್ಕ ಇವಿಷ್ಟನ್ನು ತನ್ನಿ. ಅಚ್ಚು ಮತ್ತು ಚರ್ಮವನ್ನು ಕಚೇರಿಯಲ್ಲೇ ಪ್ರೆಸ್ಸಿಗೆ ಹಾಕಿ ನಿಮ್ಮೆದುರಿಗೇ ನೋಡುತ್ತೇವೆ.